ತಿದ್ದಲು ಬಿಡದ ಪಿಪಿಟಿ: ತಡೆ ಎಂಥದ್ದು, ತೆಗೆಯುವ ಹಕ್ಕು ಯಾರದ್ದು?

ಶಾಲೆಯ ಸ್ಮಾರ್ಟ್ ಕ್ಲಾಸು, ತಾಲ್ಲೂಕು ಪಂಚಾಯಿತಿಯ ಪ್ರಗತಿ ಪರಿಶೀಲನಾ ಸಭೆ, ಬ್ಯಾಂಕಿನ ತರಬೇತಿ, ಸಹಕಾರ ಸಂಘದ ಮಹಾಸಭೆ, ಎಲ್ಲಕ್ಕೂ ಈಗ ಪಿಪಿಟಿ ಬೇಕು. ಅದನ್ನು ಮೊದಲಿನಿಂದ ಕೂತು ಮಾಡುವವರು ಕಡಿಮೆ. ಹೋದ ವರ್ಷದ್ದನ್ನೋ, ಮೇಲಿನ ಕಚೇರಿಯಿಂದ ಬಂದದ್ದನ್ನೋ, ಸಹೋದ್ಯೋಗಿ ಕಳಿಸಿದ್ದನ್ನೋ ತೆರೆದು ಹೆಸರು, ತಾರೀಕು, ಅಂಕಿಅಂಶ ಬದಲಿಸಿಕೊಳ್ಳುವುದೇ ರೂಢಿ. ಹಾಗೆ ಬಂದ ಫೈಲು ಕೆಲವೊಮ್ಮೆ ತೆರೆದುಕೊಳ್ಳುತ್ತದೆ, ಸ್ಲೈಡುಗಳೆಲ್ಲ ಕಾಣುತ್ತವೆ, ಆದರೆ ಒಂದಕ್ಷರ ಬದಲಿಸಲು ಬಿಡುವುದಿಲ್ಲ. ಮೇಲಿನ ಪಟ್ಟಿಯಲ್ಲಿ ‘ರೀಡ್-ಓನ್ಲಿ’ ಎಂದು ತೋರುತ್ತದೆ. ಆಗ ಬಹುಪಾಲು ಜನ ಮಾಡುವುದು ಎರಡರಲ್ಲೊಂದು: ಕಂಡ ಬಟನ್ನುಗಳನ್ನೆಲ್ಲ ಒತ್ತುವುದು, ಇಲ್ಲವೇ ‘ಪಿಪಿಟಿ ಅನ್‌ಲಾಕ್’ ಎಂದು ಇಂಟರ್ನೆಟ್ಟಿನಲ್ಲಿ ಹುಡುಕಿ ಮೊದಲು ಸಿಕ್ಕ ತಾಣಕ್ಕೆ ಫೈಲನ್ನು ಏರಿಸುವುದು. ಎರಡೂ ಬೇಡದ ದಾರಿ. ‘ಓದಲು ಮಾತ್ರ’ ಎಂಬ ಒಂದೇ ಫಲಕದ ಹಿಂದೆ ಒಂದಕ್ಕೊಂದು ಸಂಬಂಧವಿಲ್ಲದ ಹಲವು ಕಾರಣಗಳಿವೆ. ಅವುಗಳಲ್ಲಿ ಕೆಲವು ಬರೀ ಸಂದರ್ಭದ ತೊಡಕು, ಕೆಲವು ಎಚ್ಚರಿಕೆ, ಕೆಲವು ವಿನಂತಿ. ನಿಜವಾದ ಬೀಗ ಒಂದೆರಡು ಮಾತ್ರ. ಯಾವುದು ಯಾವುದೆಂದು ಗುರುತಿಸಿದರೆ ಹೆಚ್ಚಿನವನ್ನು ತೆಗೆಯುವುದು ಎರಡು ನಿಮಿಷದ ಕೆಲಸ. ಉಳಿಯುವ ಪ್ರಶ್ನೆ ತಂತ್ರದ್ದಲ್ಲ, ಹಕ್ಕಿನದು. ತೆಗೆಯಲು ಬರುತ್ತದೆ ಎಂಬುದರಿಂದ ತೆಗೆಯಬಹುದು ಎಂದಾಗುವುದಿಲ್ಲ. ತೆಗೆಯಲು ಕಷ್ಟ ಎಂಬುದರಿಂದ ತೆಗೆಯಬಾರದು ಎಂದೂ ಆಗುವುದಿಲ್ಲ.

ಮೊದಲು ಈ ಫೈಲಿನ ಒಳಗನ್ನು ಸ್ವಲ್ಪ ನೋಡಬೇಕು. ಪವರ್‌ಪಾಯಿಂಟನ್ನು ರಾಬರ್ಟ್ ಗ್ಯಾಸ್ಕಿನ್ಸ್ ಮತ್ತು ಡೆನಿಸ್ ಆಸ್ಟಿನ್ ಅಮೆರಿಕದ ಫೋರ್‌ಥಾಟ್ ಎಂಬ ಸಣ್ಣ ಕಂಪನಿಯಲ್ಲಿ ರೂಪಿಸಿದರು. 1987ರಲ್ಲಿ ಮ್ಯಾಕಿಂಟೋಷ್ ಕಂಪ್ಯೂಟರಿಗಾಗಿ ಅದು ಮಾರುಕಟ್ಟೆಗೆ ಬಂತು. ಅದೇ ವರ್ಷ ಮೈಕ್ರೋಸಾಫ್ಟ್ 1.4 ಕೋಟಿ ಡಾಲರ್ ಕೊಟ್ಟು ಕಂಪನಿಯನ್ನೇ ಕೊಂಡಿತು. ಬಹುಕಾಲ ಇದರ ಫೈಲುಗಳು ಹೊರಗಿನವರಿಗೆ ಸುಲಭವಾಗಿ ಬಿಡಿಸಲಾಗದ ‘ಪಿಪಿಟಿ’ ಎಂಬ ಬೈನರಿ ರೂಪದಲ್ಲಿದ್ದವು. ಆಫೀಸ್ 2007ರಿಂದ ‘ಪಿಪಿಟಿಎಕ್ಸ್’ ಬಂತು. ಇದರ ವಿವರಣೆ ಎಲ್ಲರಿಗೂ ತೆರೆದಿದೆ. 2008ರಲ್ಲಿ ಅದು ಐಎಸ್‌ಒ ಮಾನದಂಡವೂ ಆಯಿತು. ನಾವು ಒಂದು ಫೈಲು ಎಂದುಕೊಳ್ಳುವ ಪಿಪಿಟಿಎಕ್ಸ್ ವಾಸ್ತವದಲ್ಲಿ ಒಂದು ಜಿಪ್ ಕಟ್ಟು. ಅದರೊಳಗೆ ಪ್ರತಿ ಸ್ಲೈಡಿಗೂ ಒಂದೊಂದು ಎಕ್ಸ್‌ಎಂಎಲ್ ಪಠ್ಯದ ಫೈಲು, ಚಿತ್ರಗಳಿಗೊಂದು ಫೋಲ್ಡರು, ಇಡೀ ಪ್ರಸ್ತುತಿಯ ವಿವರಗಳಿಗೆ ಇನ್ನೊಂದು ಫೈಲು ಇರುತ್ತವೆ. ಮುಂದಿನ ಚರ್ಚೆಗೆ ಈ ಸಂಗತಿ ಮುಖ್ಯ. ಕಟ್ಟನ್ನು ಗೂಢಲಿಪೀಕರಿಸದಿದ್ದರೆ, ಅಂದರೆ ಅದರ ಅಕ್ಷರಗಳನ್ನೇ ಗಣಿತದಿಂದ ಕಲಸಿ ಮುಚ್ಚಿಡದಿದ್ದರೆ, ಒಳಗಿನ ಮಾತು ಯಾವ ತಂತ್ರಾಂಶಕ್ಕಾದರೂ ಓದಲು ಸಿಗುತ್ತದೆ. ಅದರ ಮೇಲೆ ಅಂಟಿಸಿದ ‘ತಿದ್ದಬೇಡಿ’ ಎಂಬ ಸೂಚನೆಯನ್ನು ಪಾಲಿಸುವುದು, ಬಿಡುವುದು ಆ ತಂತ್ರಾಂಶದ ಮರ್ಜಿ.

ಯಾರೂ ಯಾವ ತಡೆಯನ್ನೂ ಹಾಕದೆ ಫೈಲು ತಾನಾಗಿ ‘ಓದಲು ಮಾತ್ರ’ ಆಗುವ ಸಂದರ್ಭಗಳೇ ದಿನನಿತ್ಯ ಹೆಚ್ಚು ಕಾಡುವಂಥವು. ಜಿಪ್ ಫೈಲನ್ನು ಬಿಡಿಸದೆ ಅದರೊಳಗಿನ ಪಿಪಿಟಿಯನ್ನು ನೇರವಾಗಿ ತೆರೆದರೆ ವಿಂಡೋಸ್ ಒಂದು ತಾತ್ಕಾಲಿಕ ಪ್ರತಿಯನ್ನು ತೋರಿಸುತ್ತದೆ. ಅದರಲ್ಲಿ ತಿದ್ದಿದ್ದನ್ನು ಉಳಿಸಲಾಗದು. ಮೇಲ್‌ನಿಂದ ನೇರವಾಗಿ ತೆರೆದ ಲಗತ್ತಿನ ಕಥೆಯೂ ಇಂಥದ್ದೇ. ಎರಡಕ್ಕೂ ಪರಿಹಾರ, ಫೈಲನ್ನು ಮೊದಲು ನಮ್ಮ ಫೋಲ್ಡರಿಗೆ ಇಳಿಸಿಕೊಂಡು ಅಲ್ಲಿಂದ ತೆರೆಯುವುದು. ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಪ್ರಾಪರ್ಟೀಸ್’ ನೋಡಿದರೆ ಅಲ್ಲಿ ‘ರೀಡ್-ಓನ್ಲಿ’ ಎಂಬ ಚೌಕದಲ್ಲಿ ಟಿಕ್ ಇರಬಹುದು, ತೆಗೆದರೆ ಮುಗಿಯಿತು. ಮೆಮೊರಿ ಕಾರ್ಡಿನ ಪಕ್ಕದ ಪುಟ್ಟ ಸ್ವಿಚ್ಚು ‘ಲಾಕ್’ ಕಡೆಗೆ ಸರಿದಿರಬಹುದು. ಕಚೇರಿಯ ಹಂಚಿಕೆಯ ಫೋಲ್ಡರಿನಲ್ಲಿರುವ ಫೈಲನ್ನು ಇನ್ನೊಬ್ಬರು ತೆರೆದಿಟ್ಟುಕೊಂಡಿರಬಹುದು. ಆಗ ಅದೇ ಫೋಲ್ಡರಿನಲ್ಲಿ ತರಂಗದ ಗೆರೆ ಮತ್ತು ಡಾಲರ್ ಚಿಹ್ನೆಯಿಂದ ಆರಂಭವಾಗುವ ಹೆಸರಿನ ಅಡಗಿದ ಫೈಲೊಂದು ಹುಟ್ಟಿರುತ್ತದೆ. ಅವರು ಮುಚ್ಚಿದರೆ ಅದೂ ಹೋಗುತ್ತದೆ. ಕಂಪ್ಯೂಟರು ನಡುವೆ ಕೈಕೊಟ್ಟಿದ್ದರೆ ಮಾತ್ರ ಅದು ಅನಾಥವಾಗಿ ಉಳಿದು ತೊಂದರೆ ಕೊಡುತ್ತದೆ. ಆಫೀಸ್ ತಂತ್ರಾಂಶದ ಚಂದಾ ಮುಗಿದಿದ್ದರೆ ಎಲ್ಲ ಫೈಲುಗಳೂ ಓದಲಷ್ಟೇ ಸಿಗುತ್ತವೆ. ಒಂದೇ ಫೈಲಿನ ಸಮಸ್ಯೆಯೋ, ಎಲ್ಲದರದ್ದೋ ಎಂದು ಮೊದಲು ನೋಡಿಕೊಳ್ಳಬೇಕೆನ್ನುವುದು ಇದಕ್ಕೇ. ‘ಪಿಪಿಎಸ್‌ಎಕ್ಸ್’ ಎಂಬ ಬಾಲದ ಫೈಲು ಕ್ಲಿಕ್ಕಿಸಿದೊಡನೆ ಪರದೆ ತುಂಬ ಪ್ರದರ್ಶನವಾಗಿ ತೆರೆದುಕೊಳ್ಳುವುದರಿಂದ ತಿದ್ದಲಾಗದು ಎಂದೇ ಹಲವರು ನಂಬಿದ್ದಾರೆ. ಪವರ್‌ಪಾಯಿಂಟನ್ನು ಮೊದಲು ತೆರೆದು ‘ಫೈಲ್’ ಮೆನುವಿನ ‘ಓಪನ್’ ಮೂಲಕ ಅದನ್ನು ಕರೆದರೆ ಮಾಮೂಲಿ ಪಿಪಿಟಿಯಂತೆಯೇ ತಿದ್ದಬಹುದು. ಇಲ್ಲಿ ಯಾವುದಕ್ಕೂ ಯಾರ ಅನುಮತಿಯೂ ಬೇಕಿಲ್ಲ, ಯಾಕೆಂದರೆ ಬೇಡವೆಂದು ಯಾರೂ ಹೇಳಿಲ್ಲ.

ಎರಡನೆಯ ಬಗೆಯದು ‘ಪ್ರೊಟೆಕ್ಟೆಡ್ ವ್ಯೂ’. ಹಳದಿ ಪಟ್ಟಿ, ಅದರಲ್ಲಿ ‘ಎನೇಬಲ್ ಎಡಿಟಿಂಗ್’ ಎಂಬ ಬಟನ್ನು. ಇದನ್ನು ಹಾಕಿದ್ದು ಫೈಲು ಮಾಡಿದವರಲ್ಲ, ನಮ್ಮದೇ ಕಂಪ್ಯೂಟರು. ಇಂಟರ್ನೆಟ್ಟಿನಿಂದಲೋ ಮೇಲ್‌ನಿಂದಲೋ ಇಳಿದ ಫೈಲಿಗೆ ವಿಂಡೋಸ್ ‘ಇದು ಹೊರಗಿನಿಂದ ಬಂದದ್ದು’ ಎಂಬ ಕಣ್ಣಿಗೆ ಕಾಣದ ಗುರುತು ಅಂಟಿಸುತ್ತದೆ. ಆಫೀಸ್ 2010ರಿಂದೀಚೆಗೆ ಅಂಥ ಫೈಲುಗಳು ಉಳಿದ ವ್ಯವಸ್ಥೆಯಿಂದ ಬೇರ್ಪಟ್ಟ ಒಂದು ಮೂಲೆಯಲ್ಲಿ, ಓದಲಷ್ಟೇ ತೆರೆಯುತ್ತವೆ. ಕಾರಣ ಗಂಭೀರವಾದದ್ದು. 2014ರ ಅಕ್ಟೋಬರಿನಲ್ಲಿ ಬೆಳಕಿಗೆ ಬಂದ ‘ಸ್ಯಾಂಡ್‌ವರ್ಮ್’ ದಾಳಿಯಲ್ಲಿ ನ್ಯಾಟೊ ಮತ್ತು ಉಕ್ರೇನ್ ಸರ್ಕಾರವನ್ನು ಗುರಿಯಾಗಿಸಿ ಬಳಸಿದ್ದು ಪವರ್‌ಪಾಯಿಂಟ್ ಪ್ರದರ್ಶನದ ಫೈಲನ್ನೇ. ವಿಂಡೋಸಿನಲ್ಲಿದ್ದ ಒಂದು ದೋಷವನ್ನು ಬಳಸಿಕೊಂಡು ಅದು ಹೊರಗಿನ ದುಷ್ಟ ತಂತ್ರಾಂಶವನ್ನು ಒಳಗೆ ಎಳೆದುಕೊಳ್ಳುತ್ತಿತ್ತು. ಮೈಕ್ರೋಸಾಫ್ಟ್ ಅದೇ ತಿಂಗಳು ಆ ದೋಷವನ್ನು ಸರಿಪಡಿಸಿತು. ಸ್ಲೈಡು ಎಂದರೆ ಬರೀ ಅಕ್ಷರ, ಚಿತ್ರ ಎಂಬ ನಮ್ಮ ನಂಬಿಕೆ ಎಷ್ಟು ಸಡಿಲ ಎಂಬುದಕ್ಕೆ ಇದು ಸಾಕ್ಷಿ. ಹಾಗಾಗಿ ಕಳಿಸಿದವರು ಗೊತ್ತಿದ್ದು, ಕಳಿಸುವುದು ನಿರೀಕ್ಷಿತವಾಗಿದ್ದರೆ ‘ಎನೇಬಲ್ ಎಡಿಟಿಂಗ್’ ಒತ್ತಬಹುದು. ಅಥವಾ ‘ಪ್ರಾಪರ್ಟೀಸ್’ಗೆ ಹೋಗಿ ಕೆಳಗಿನ ‘ಅನ್‌ಬ್ಲಾಕ್’ ಎಂಬುದಕ್ಕೆ ಟಿಕ್ ಹಾಕಬಹುದು. ಗೊತ್ತಿಲ್ಲದವರದ್ದಾದರೆ ಓದಿ ಮುಚ್ಚುವುದೇ ಲೇಸು. ಕಿರಿಕಿರಿ ಎಂದು ಈ ವ್ಯವಸ್ಥೆಯನ್ನೇ ಸೆಟ್ಟಿಂಗಿನಲ್ಲಿ ಪೂರ್ತಿ ಆರಿಸಿಬಿಡುವ ಸಲಹೆ ಕೆಲವರು ಕೊಡುತ್ತಾರೆ. ಒಂದು ಫೈಲಿನ ತೊಡಕಿಗೆ ಮುಂದೆ ಬರಲಿರುವ ಎಲ್ಲ ಫೈಲುಗಳ ಕಾವಲನ್ನು ತೆಗೆದುಹಾಕುವ ಆ ಸಲಹೆಯನ್ನು ಪಾಲಿಸಬಾರದು.

ಮೂರನೆಯದು ಫೈಲು ಮಾಡಿದವರೇ ತಿಳಿದು ಹಾಕಿದ, ಆದರೆ ಬೀಗವಲ್ಲದ ಸೂಚನೆ. ‘ಫೈಲ್’, ‘ಇನ್ಫೋ’, ‘ಪ್ರೊಟೆಕ್ಟ್ ಪ್ರೆಸೆಂಟೇಶನ್’ ಎಂಬಲ್ಲಿ ಇಂಥ ಎರಡು ಆಯ್ಕೆಗಳಿವೆ. ‘ಆಲ್ವೇಸ್ ಓಪನ್ ರೀಡ್-ಓನ್ಲಿ’ ಎಂಬುದು ಫೈಲು ಪ್ರತಿ ಸಲವೂ ಓದಲಷ್ಟೇ ತೆರೆಯುವಂತೆ ಮಾಡುತ್ತದೆ. ‘ಮಾರ್ಕ್ ಆ್ಯಸ್ ಫೈನಲ್’ ಎಂಬುದು ಇದು ಅಂತಿಮ ಪ್ರತಿ ಎಂದು ಸಾರುತ್ತದೆ. ಎರಡರಲ್ಲೂ ಓದುಗನ ಎದುರಿಗೇ ‘ಎಡಿಟ್ ಎನಿವೇ’ ಎಂಬ ಬಟನ್ನು ಇರುತ್ತದೆ; ಒತ್ತಿದರೆ ತಿದ್ದಬಹುದು. ಅಂತಿಮ ಎಂದು ಗುರುತು ಹಾಕುವುದು ಭದ್ರತೆಯ ವ್ಯವಸ್ಥೆಯಲ್ಲ, ಫೈಲು ಸಿಕ್ಕ ಯಾರಾದರೂ ಅದನ್ನು ತೆಗೆಯಬಹುದು ಎಂದು ಮೈಕ್ರೋಸಾಫ್ಟೇ ತನ್ನ ಬಳಕೆದಾರರಿಗೆ ತಿಳಿಸುತ್ತದೆ. ಇದರ ಉದ್ದೇಶವೇ ಬೇರೆ. ನಾಲ್ಕು ಜನ ಕೂಡಿ ಮಾಡುವ ಪ್ರಸ್ತುತಿಯಲ್ಲಿ ಹಳೆಯ ಪ್ರತಿ ಯಾವುದು, ಒಪ್ಪಿಗೆಯಾದ ಪ್ರತಿ ಯಾವುದು ಎಂಬ ಗೊಂದಲ ತಪ್ಪಲಿ, ಬೆರಳು ತಗುಲಿ ಅಂಕಿಯೊಂದು ಅಳಿಸಿಹೋಗದಿರಲಿ ಎಂಬುದು. ಅಂದರೆ ಇದು ಪ್ರಮಾದವನ್ನು ತಡೆಯುತ್ತದೆ, ಉದ್ದೇಶವನ್ನು ತಡೆಯುವುದಿಲ್ಲ. ಮನೆಯ ಬಾಗಿಲಿಗೆ ಚಿಲಕ ಹಾಕುವುದು ಕಳ್ಳನಿಗಾಗಿ ಅಲ್ಲ, ಗಾಳಿಗೂ ನಾಯಿಗೂ ಎಂಬುದು ಎಲ್ಲರಿಗೂ ಗೊತ್ತು. ಇದೂ ಅಂಥ ಚಿಲಕ.

ಎಲ್ಲರನ್ನೂ ಹೆಚ್ಚು ದಾರಿ ತಪ್ಪಿಸುವುದು ನಾಲ್ಕನೆಯದು, ತಿದ್ದಲು ಪಾಸ್‌ವರ್ಡ್. ‘ಸೇವ್ ಆ್ಯಸ್’ ಕಿಟಕಿಯ ‘ಟೂಲ್ಸ್’ನಲ್ಲಿ ‘ಜನರಲ್ ಆಪ್ಷನ್ಸ್’ ಎಂಬುದಿದೆ. ಅಲ್ಲಿ ಎರಡು ಪಾಸ್‌ವರ್ಡುಗಳಿಗೆ ಜಾಗವಿದೆ: ಒಂದು ತೆರೆಯಲು, ಇನ್ನೊಂದು ತಿದ್ದಲು. ಅಕ್ಕಪಕ್ಕದಲ್ಲಿರುವುದರಿಂದ ಎರಡರ ಬಲವೂ ಒಂದೇ ಎಂದು ತೋರುತ್ತದೆ. ಹಾಗಿಲ್ಲ. ತಿದ್ದುವ ಪಾಸ್‌ವರ್ಡನ್ನಷ್ಟೇ ಹಾಕಿದಾಗ ಸ್ಲೈಡುಗಳ ಪಠ್ಯ ಗೂಢಲಿಪಿಗೆ ಹೋಗುವುದಿಲ್ಲ. ಪ್ರಸ್ತುತಿಯ ವಿವರಗಳಿರುವ ಎಕ್ಸ್‌ಎಂಎಲ್ ಫೈಲಿನಲ್ಲಿ ‘ಮಾಡಿಫೈ ವೆರಿಫೈಯರ್’ ಎಂಬ ಒಂದು ಸಾಲು ಸೇರುತ್ತದೆ, ಅಷ್ಟೆ. ಆ ಸಾಲಿನಲ್ಲಿ ಪಾಸ್‌ವರ್ಡು ಇರುವುದಿಲ್ಲ, ಅದನ್ನು ಗಣಿತದಿಂದ ಅರೆದು ಪಡೆದ ಒಂದು ಬೆರಳಚ್ಚು ಇರುತ್ತದೆ. ನಾವು ಪಾಸ್‌ವರ್ಡು ಕೊಟ್ಟಾಗ ಪವರ್‌ಪಾಯಿಂಟ್ ಅದನ್ನೂ ಹಾಗೆಯೇ ಅರೆದು ಎರಡನ್ನೂ ಹೋಲಿಸುತ್ತದೆ. ತಾಳೆಯಾದರೆ ತಿದ್ದಲು ಬಿಡುತ್ತದೆ. ಬೆರಳಚ್ಚಿನಿಂದ ಪಾಸ್‌ವರ್ಡನ್ನು ಹಿಂದಕ್ಕೆ ಕಂಡುಹಿಡಿಯುವುದು ಕಷ್ಟ, ನಿಜ. ಆದರೆ ಕಂಡುಹಿಡಿಯುವ ಅಗತ್ಯವೇ ಇಲ್ಲ. ಕಟ್ಟನ್ನು ಬಿಡಿಸಿ ಆ ಒಂದು ಸಾಲನ್ನು ತೆಗೆದು ಮತ್ತೆ ಕಟ್ಟಿದರೆ ಹೋಲಿಸಲು ಏನೂ ಉಳಿಯುವುದಿಲ್ಲ. ಹಣ ತೆತ್ತು ಕೊಳ್ಳುವ ‘ಅನ್‌ಲಾಕ್’ ತಂತ್ರಾಂಶಗಳಿಗೂ ಇದಕ್ಕಿಂತ ದೊಡ್ಡ ಕೆಲಸವೇನೂ ಇಲ್ಲ. ಪಾಸ್‌ವರ್ಡು ಗೊತ್ತಿದ್ದವರಿಗಂತೂ ದಾರಿ ಇನ್ನೂ ಸುಲಭ: ಅದನ್ನು ಕೊಟ್ಟು ತೆರೆದು, ಅದೇ ‘ಜನರಲ್ ಆಪ್ಷನ್ಸ್’ನಲ್ಲಿ ಆ ಜಾಗವನ್ನು ಖಾಲಿ ಮಾಡಿ ಉಳಿಸಿದರೆ ಮುಗಿಯಿತು.

ಇದಕ್ಕೆ ಪೂರ್ತಿ ವಿರುದ್ಧವಾದದ್ದು ತೆರೆಯುವ ಪಾಸ್‌ವರ್ಡು. ಇದನ್ನು ಹಾಕಿದರೆ ಇಡೀ ಕಟ್ಟು ಗೂಢಲಿಪಿಯಾಗುತ್ತದೆ. ಆಫೀಸ್ 2007ರಿಂದ ಇದಕ್ಕೆ ‘ಎಇಎಸ್’ ಎಂಬ ವಿಧಾನ ಬಳಕೆಯಲ್ಲಿದೆ. ಇಂದಿನ ಆವೃತ್ತಿಗಳಲ್ಲಿ ಅದರ ಕೀಲಿ 256 ಬಿಟ್‌ ಉದ್ದದ್ದು. ಊಹಿಸಿದ ಪ್ರತಿಯೊಂದು ಪಾಸ್‌ವರ್ಡನ್ನೂ ಒಂದು ಲಕ್ಷ ಸಲ ಅರೆದ ಮೇಲಷ್ಟೇ ಸರಿಯೋ ತಪ್ಪೋ ತಿಳಿಯುವಂತೆ ವ್ಯವಸ್ಥೆ ಮಾಡಿರುವುದರಿಂದ ವೇಗದ ಕಂಪ್ಯೂಟರಿಗೂ ಊಹೆ ನಿಧಾನವಾಗುತ್ತದೆ. ಇಲ್ಲಿ ತೆಗೆದುಹಾಕಬಹುದಾದ ಸಾಲೇ ಇಲ್ಲ. ಪಾಸ್‌ವರ್ಡಿಲ್ಲದೆ ಒಳಗಿರುವುದು ಅರ್ಥವಿಲ್ಲದ ಅಂಕೆಗಳ ರಾಶಿ. ಹುಟ್ಟಿದ ತಾರೀಕು, ಊರಿನ ಹೆಸರಿನಂಥ ಸುಲಭದ ಪಾಸ್‌ವರ್ಡು ಇಟ್ಟಿದ್ದರೆ ಊಹೆಗೆ ಸಿಗಬಹುದು. ಉದ್ದವಾದ, ಯಾರ ಊಹೆಗೂ ನಿಲುಕದ್ದಾದರೆ ಮರೆತವರಿಗೂ ಗತಿಯಿಲ್ಲ, ಮೈಕ್ರೋಸಾಫ್ಟೂ ಮರಳಿಸಿ ಕೊಡಲಾರದು. 2003ರವರೆಗಿನ ಹಳೆಯ ಪಿಪಿಟಿಗಳ ಗೂಢಲಿಪಿ ಇಂದಿನದಕ್ಕಿಂತ ಬಹಳ ದುರ್ಬಲವಾಗಿತ್ತು. ‘ಯಾವ ಪಾಸ್‌ವರ್ಡನ್ನಾದರೂ ತೆಗೆಯುತ್ತೇವೆ’ ಎನ್ನುವ ಜಾಹೀರಾತಿನ ಮಾತಿಗೆ ಅಷ್ಟಿಷ್ಟು ಆಧಾರವಿದ್ದರೆ ಅದು ಆ ಕಾಲದ್ದು.

ಐದನೆಯದರಲ್ಲಿ ಫೈಲೇ ನಮ್ಮ ಕೈಯಲ್ಲಿರುವುದಿಲ್ಲ. ಗೂಗಲ್ ಸ್ಲೈಡ್ಸ್ ಅಥವಾ ಒನ್‌ಡ್ರೈವ್‌ನಲ್ಲಿ ಒಡೆಯರು ನಮಗೆ ‘ನೋಡಲಷ್ಟೇ’ ಅನುಮತಿ ಕೊಟ್ಟಿದ್ದರೆ ಆ ನಿರ್ಧಾರ ಇರುವುದು ದೂರದ ಸರ್ವರಿನಲ್ಲಿ. ಒಡೆಯರು ಪ್ರತಿ ಮಾಡಲು ಬಿಟ್ಟಿದ್ದರೆ ‘ಮೇಕ್ ಎ ಕಾಪಿ’ ಎಂದು ನಮ್ಮದೇ ಪ್ರತಿ ಮಾಡಿಕೊಂಡು ತಿದ್ದಬಹುದು. ಅದನ್ನೂ ಮುಚ್ಚಿದ್ದರೆ ತಿದ್ದುವ ಅನುಮತಿ ಕೇಳುವುದೇ ದಾರಿ, ಅದಕ್ಕೊಂದು ಬಟನ್ನೂ ಅಲ್ಲೇ ಇದೆ. ದೊಡ್ಡ ಕಂಪನಿಗಳು ಬಳಸುವ ಹಕ್ಕು ನಿರ್ವಹಣಾ ವ್ಯವಸ್ಥೆಯಲ್ಲಿ ಫೈಲು ಗೂಢಲಿಪಿಯಾಗಿರುತ್ತದೆ. ತೆರೆಯುವವರು ಯಾರು, ಅವರಿಗೆ ತಿದ್ದುವ, ಮುದ್ರಿಸುವ ಅವಕಾಶವಿದೆಯೇ ಎಂಬುದನ್ನು ಸಂಸ್ಥೆಯ ಸರ್ವರು ನಿರ್ಧರಿಸುತ್ತದೆ. ಇದೂ ನಿಜವಾದ ಬೀಗ.

ಆರನೆಯದೊಂದು ಕಾರಣ ಅಷ್ಟಾಗಿ ಗೊತ್ತಿಲ್ಲದ್ದು. ಆದರೆ ಕನ್ನಡದಲ್ಲಿ ಸ್ಲೈಡು ಮಾಡುವವರು ಅದನ್ನು ಅರಿತಿರುವುದು ಒಳ್ಳೆಯದು. ನಮ್ಮಲ್ಲಿ ಎಷ್ಟೋ ಪ್ರಸ್ತುತಿಗಳು ಈಗಲೂ ಹಳೆಯ, ಯೂನಿಕೋಡ್ ಅಲ್ಲದ ಫಾಂಟುಗಳಲ್ಲಿವೆ. ನುಡಿ, ಬರಹ ತಂತ್ರಾಂಶಗಳು ಕನ್ನಡವನ್ನು ಕಂಪ್ಯೂಟರಿಗೆ ತಂದ ಕಾಲದ ಬಳುವಳಿ ಅದು. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಬೆರಕೆ ಕಾಣುತ್ತದೆ. ಹಾಗಾಗದಿರಲೆಂದು ಫಾಂಟನ್ನೂ ಫೈಲಿನೊಳಗೇ ಸೇರಿಸಿ ಕಳಿಸುವ ಸೌಲಭ್ಯವಿದೆ. ಆದರೆ ಪ್ರತಿ ಫಾಂಟಿನೊಳಗೂ ಅದರ ತಯಾರಕರು ಬರೆದಿಟ್ಟ ಪರವಾನಗಿಯ ಗುರುತಿರುತ್ತದೆ: ಸೇರಿಸಲೇಬಾರದು, ನೋಡಲು ಮತ್ತು ಮುದ್ರಿಸಲು ಮಾತ್ರ ಸೇರಿಸಬಹುದು, ತಿದ್ದಲೂ ಸೇರಿಸಬಹುದು, ಕಂಪ್ಯೂಟರಿನಲ್ಲಿ ಅನುಸ್ಥಾಪಿಸಿಕೊಳ್ಳಲೂಬಹುದು ಎಂಬ ನಾಲ್ಕು ಮಟ್ಟಗಳು. ‘ನೋಡಲು ಮತ್ತು ಮುದ್ರಿಸಲು ಮಾತ್ರ’ ಎಂಬ ಗುರುತಿನ ಫಾಂಟು ಸೇರಿದ್ದರೆ ಇಡೀ ಫೈಲು ಓದಲಷ್ಟೇ ತೆರೆಯಬೇಕೆಂಬುದು ಫಾಂಟುಗಳಿಗಿರುವ ಓಪನ್‌ಟೈಪ್ ಮಾನದಂಡದ ನಿಯಮ. ಆಗ ಪವರ್‌ಪಾಯಿಂಟ್ ಎರಡು ಆಯ್ಕೆ ಕೊಡುತ್ತದೆ: ಓದಲಷ್ಟೇ ತೆರೆ, ಇಲ್ಲವೇ ಆ ಫಾಂಟನ್ನು ಕೈಬಿಟ್ಟು ತಿದ್ದು. ಮುಂದೆ ಈ ತೊಡಕೇ ಬಾರದಂತೆ ಮಾಡಲು ಯೂನಿಕೋಡ್‌ನಲ್ಲಿ ಬರೆಯಬೇಕು. ವಿಂಡೋಸ್ ಜೊತೆಗೇ ಬರುವ ನಿರ್ಮಲಾ ಯುಐ, ಇಲ್ಲವೇ ಮುಕ್ತ ಪರವಾನಗಿಯ ನೋಟೊ ಸ್ಯಾನ್ಸ್ ಕನ್ನಡ ಬಳಸಬೇಕು. ಹಳೆಯ ಪಠ್ಯವನ್ನು ಪರಿವರ್ತಕದ ಮೂಲಕ ಯೂನಿಕೋಡ್‌ಗೆ ತರಬೇಕಾಗುತ್ತದೆ. ಫಾಂಟಿನ ಹೆಸರು ಬದಲಿಸಿದ ಮಾತ್ರಕ್ಕೆ ಅಕ್ಷರಗಳು ಕನ್ನಡವಾಗುವುದಿಲ್ಲ.

ಇವನ್ನೆಲ್ಲ ಸಾಲಾಗಿಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟ. ಗೂಢಲಿಪಿ ಮತ್ತು ಸರ್ವರಿನ ಅನುಮತಿ ಇವೆರಡನ್ನು ಬಿಟ್ಟರೆ ಉಳಿದ ಯಾವುದೂ ಮನಸ್ಸು ಮಾಡಿದವರನ್ನು ತಡೆಯುವುದಿಲ್ಲ. ಇದನ್ನು ಬಿಡಿಸಿ ಹೇಳುವುದೇ ತಪ್ಪಲ್ಲವೇ, ಬೇರೆಯವರ ಶ್ರಮವನ್ನು ಕದಿಯುವವರಿಗೆ ದಾರಿ ತೋರಿಸಿದಂತಲ್ಲವೇ ಎಂಬ ಆಕ್ಷೇಪ ಬರುವುದು ಸಹಜ. ಆಕ್ಷೇಪದಲ್ಲಿ ಕಾಳಜಿಯಿದೆ, ಆದರೆ ಲೆಕ್ಕ ತಪ್ಪಿದೆ. ಕದಿಯಲು ಹೊರಟವರಿಗೆ ಈ ವಿದ್ಯೆ ಬೇಕಾಗಿಯೇ ಇಲ್ಲ. ಓದಲು ಸಿಗುವ ಸ್ಲೈಡನ್ನು ಪರದೆಯ ಚಿತ್ರ ತೆಗೆದು, ಇಲ್ಲವೇ ನೋಡಿಕೊಂಡು ಮರಳಿ ಟೈಪು ಮಾಡಿ ಬಳಸಬಹುದು. ಕಣ್ಣಿಗೆ ಕಂಡದ್ದನ್ನು ಯಾವ ಪಾಸ್‌ವರ್ಡೂ ಕಾಯಲಾರದು. ಈ ಅಜ್ಞಾನದಿಂದ ನಷ್ಟವಾಗುವುದು ಪ್ರಾಮಾಣಿಕರಿಗೆ. ತಿದ್ದುವ ಪಾಸ್‌ವರ್ಡು ಹಾಕಿ, ಒಳಗಿನ ಗುಟ್ಟು ಸುರಕ್ಷಿತ ಎಂದು ನಂಬಿ, ಟೆಂಡರಿನ ದರವೋ ರೋಗಿಗಳ ವಿವರವೋ ಇರುವ ಪ್ರಸ್ತುತಿಯನ್ನು ಹತ್ತು ಜನಕ್ಕೆ ಕಳಿಸುವವರು ಅವರೇ. ಹಾಗೆಯೇ ತಾವೇ ಮಾಡಿದ ಫೈಲಿನ ಪಾಸ್‌ವರ್ಡು ಮರೆತು ಒದ್ದಾಡುವವರು, ವರ್ಗವಾಗಿ ಹೋದವರು ಬಿಟ್ಟುಹೋದ ಕಚೇರಿಯ ಫೈಲನ್ನು ಹೊಸದಾಗಿ ಟೈಪು ಮಾಡಿಸುವವರು ಕೂಡ ಅವರೇ. ಬೀಗವಲ್ಲದ್ದನ್ನು ಬೀಗವೆಂದು ನಂಬಿಸುವುದಕ್ಕಿಂತ ಅದರ ಬಲಾಬಲವನ್ನು ಹೇಳಿಬಿಡುವುದೇ ಎಲ್ಲರಿಗೂ ಕ್ಷೇಮ.

ಹಾಗಾದರೆ ತೆಗೆಯುವ ಹಕ್ಕನ್ನು ನಿರ್ಧರಿಸುವುದು ಯಾವುದು? ಕಾನೂನು ಇಲ್ಲಿ ತಂತ್ರಕ್ಕಿಂತ ಉದ್ದೇಶವನ್ನು ನೋಡುತ್ತದೆ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಸೆಕ್ಷನ್ನು, ಕೃತಿಸ್ವಾಮ್ಯವನ್ನು ಕಾಯಲು ಹಾಕಿದ ಪರಿಣಾಮಕಾರಿ ತಾಂತ್ರಿಕ ರಕ್ಷಣೆಯನ್ನು ಆ ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ದಾಟಿದವರಿಗೆ ಎರಡು ವರ್ಷದವರೆಗೆ ಸೆರೆವಾಸ ಮತ್ತು ದಂಡ ವಿಧಿಸುತ್ತದೆ. ಕಾಯ್ದೆ ನಿಷೇಧಿಸದ ಉದ್ದೇಶಕ್ಕೆ ದಾಟುವುದನ್ನು ಅದೇ ಸೆಕ್ಷನ್ನು ಹೊರಗಿಟ್ಟಿದೆ. ನಾವೇ ಮಾಡಿದ ಫೈಲಿನ ತಡೆ ತೆಗೆಯುವುದಕ್ಕೆ ಯಾರ ಅಡ್ಡಿಯೂ ಇಲ್ಲ. ನೌಕರಿಯ ಭಾಗವಾಗಿ ಮಾಡಿದ ಪ್ರಸ್ತುತಿಯ ಮೊದಲ ಒಡೆತನ, ಬೇರೆ ಒಪ್ಪಂದವಿಲ್ಲದಿದ್ದರೆ, 17ನೇ ಸೆಕ್ಷನ್ನಿನ ಪ್ರಕಾರ ಉದ್ಯೋಗದಾತರದ್ದು. ಹಾಗಾಗಿ ಕಚೇರಿಯ ಫೈಲಿಗೆ ಕಚೇರಿಯ ಅನುಮತಿ ಸಾಕು, ಬಿಟ್ಟುಹೋದವರದ್ದು ಬೇಕಿಲ್ಲ. ಪಾಠದ ಸಂದರ್ಭದಲ್ಲಿ ಶಿಕ್ಷಕರು, ವಿದ್ಯಾರ್ಥಿಗಳು ಕೃತಿಯನ್ನು ಪ್ರತಿ ಮಾಡಿಕೊಳ್ಳಲು 52ನೇ ಸೆಕ್ಷನ್ನು ಅವಕಾಶ ಕೊಟ್ಟಿದೆ. ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಪ್ರಕರಣದಲ್ಲಿ ದೆಹಲಿ ಹೈಕೋರ್ಟು 2016ರಲ್ಲಿ ಈ ಅವಕಾಶವನ್ನು ವಿಶಾಲವಾಗಿಯೇ ಅರ್ಥೈಸಿತು. ಇನ್ನೊಂದು ಬದಿಯಲ್ಲಿ, ಒಡೆಯರ ಅನುಮತಿಯಿಲ್ಲದೆ ಇನ್ನೊಬ್ಬರ ಕಂಪ್ಯೂಟರಿಗೋ ಖಾತೆಗೋ ನುಗ್ಗಿ ಫೈಲು ತೆಗೆಯುವುದು ಅಥವಾ ಬದಲಿಸುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಸೆಕ್ಷನ್ನಿಗೆ ಬರುತ್ತದೆ. ಅಪ್ರಾಮಾಣಿಕ ಉದ್ದೇಶವಿದ್ದರೆ 66ನೇ ಸೆಕ್ಷನ್ನಿನಡಿ ಮೂರು ವರ್ಷದವರೆಗೆ ಸೆರೆ. ಅಂದರೆ ನಮ್ಮ ಕೈಗೆ ಕೊಟ್ಟ ಫೈಲಿನ ಸೂಚನೆಯನ್ನು ದಾಟುವುದು ಬೇರೆ, ನಮಗೆ ಕೊಡದ ಕಡೆಗೆ ಕೈ ಹಾಕುವುದು ಬೇರೆ.

ಎರಡನೆಯ ಆಕ್ಷೇಪ ಇನ್ನೂ ತೂಕದ್ದು. ಒಬ್ಬ ಉಪನ್ಯಾಸಕಿ ರಾತ್ರಿಯೆಲ್ಲ ಕೂತು ಮಾಡಿದ ಸ್ಲೈಡುಗಳಲ್ಲಿ ಇನ್ನೊಬ್ಬರು ತಮ್ಮ ಹೆಸರು ಹಾಕಿಕೊಂಡರೆ, ಒಬ್ಬ ವೈದ್ಯರ ಪ್ರಸ್ತುತಿಯಲ್ಲಿ ಔಷಧದ ಪ್ರಮಾಣವನ್ನು ಬದಲಿಸಿ ಅವರ ಹೆಸರಿನಲ್ಲೇ ಹಂಚಿದರೆ ಏನು ಗತಿ? ಇಂಥವರಿಗೆ ತಿದ್ದದಂತೆ ತಡೆಯುವ ಹಕ್ಕು ಬೇಡವೇ? ಬೇಕು, ಮತ್ತು ಇದೆ. ಕೃತಿಸ್ವಾಮ್ಯ ಕಾಯ್ದೆಯ 57ನೇ ಸೆಕ್ಷನ್ನು ಕೃತಿ ತನ್ನದೆಂದು ಹೇಳಿಕೊಳ್ಳುವ, ತನ್ನ ಗೌರವಕ್ಕೆ ಕುಂದು ತರುವಂತೆ ಅದನ್ನು ತಿರುಚುವುದನ್ನು ತಡೆಯುವ ಹಕ್ಕನ್ನು ಕರ್ತೃವಿಗೆ ಕೊಟ್ಟಿದೆ. ಕೃತಿಸ್ವಾಮ್ಯವನ್ನು ಮಾರಿದ ಮೇಲೂ ಈ ಹಕ್ಕು ಅವರಲ್ಲೇ ಉಳಿಯುತ್ತದೆ. ಆದರೆ ಆ ಹಕ್ಕನ್ನು ಕಾಯುವ ಸಾಧನ ಓದಲಷ್ಟೇ ಎಂಬ ಗುರುತಲ್ಲ. ವೈದ್ಯರಿಗೆ ಬೇಕಾದದ್ದು ಯಾರೂ ತಿದ್ದದಿರುವುದಕ್ಕಿಂತ, ತಿದ್ದಿದರೆ ಗೊತ್ತಾಗುವುದು. ಅದನ್ನು ಮಾಡುವುದು ಡಿಜಿಟಲ್ ಸಹಿ. ಸಹಿ ಮಾಡಿದ ಫೈಲಿನಲ್ಲಿ ಒಂದಕ್ಷರ ಬದಲಾದರೂ ಆ ಸಹಿ ಊರ್ಜಿತವಾಗಿ ಉಳಿಯುವುದಿಲ್ಲ. ನಮ್ಮ ಮಾಹಿತಿ ತಂತ್ರಜ್ಞಾನ ಕಾಯ್ದೆ ಅಂಥ ಸಹಿಗೆ ಮಾನ್ಯತೆಯನ್ನೂ ಕೊಟ್ಟಿದೆ. ಉಪನ್ಯಾಸಕಿಗೆ ಬೇಕಾದದ್ದು ಕರ್ತೃವೆಂಬ ಗುರುತು. ಮೂಲ ಪ್ರತಿಯನ್ನು ತಾರೀಕಿನ ಸಮೇತ ತಮ್ಮಲ್ಲಿ ಉಳಿಸಿಕೊಂಡು, ಹಂಚುವಾಗ ಪಿಡಿಎಫ್ ಕೊಟ್ಟು, ಬಳಕೆಯ ಷರತ್ತನ್ನು ಮೊದಲ ಸ್ಲೈಡಿನಲ್ಲೇ ಬರೆದಿಟ್ಟರೆ ವಿವಾದ ಬಂದಾಗ ಅದು ಸಾಕ್ಷಿಯಾಗಿ ನಿಲ್ಲುತ್ತದೆ. ಪಿಡಿಎಫನ್ನೂ ತಿದ್ದಬಹುದು, ನಿಜ. ಆದರೆ ಅಲ್ಲಿ ಯಾರೂ ಅಕಸ್ಮಾತ್ತಾಗಿ ತಿದ್ದುವುದಿಲ್ಲ, ಫಾಂಟೂ ಕೆಡುವುದಿಲ್ಲ.

ಇದಕ್ಕೆ ಎದುರಾಗಿ, ತಿದ್ದಲು ಬಿಡದಿರುವುದರಿಂದ ಆಗುವ ನಷ್ಟವನ್ನೂ ತೂಗಬೇಕು. ತರಬೇತಿಗೆಂದು ಮೇಲಿನಿಂದ ಬರುವ ಇಂಗ್ಲಿಷ್ ಪ್ರಸ್ತುತಿಯನ್ನು ಅಂಗನವಾಡಿ ಕಾರ್ಯಕರ್ತೆಯರಿಗೆ ಕನ್ನಡದಲ್ಲಿ ಹೇಳಬೇಕಾದವರು ಅದನ್ನು ತಿದ್ದಲೇಬೇಕು. ಕಲಬುರಗಿಯ ಮಕ್ಕಳಿಗೆ ಪಾಠ ಮಾಡುವವರು ಕರಾವಳಿಯ ಉದಾಹರಣೆ ತೆಗೆದು ತೊಗರಿಯ ಹೊಲದ ಚಿತ್ರ ಹಾಕಬೇಕು. ಕಣ್ಣು ಕಾಣದವರು ತೆರೆವಾಚಕ ತಂತ್ರಾಂಶದಿಂದ ಸ್ಲೈಡನ್ನು ಕೇಳಬೇಕಾದರೆ ಪ್ರತಿ ಚಿತ್ರಕ್ಕೂ ವಿವರಣೆಯ ಪಠ್ಯ ಸೇರಿಸಬೇಕು, ಕಲಸಿಹೋದ ಓದುವ ಕ್ರಮವನ್ನು ಸರಿಪಡಿಸಬೇಕು, ಇವೆರಡೂ ತಿದ್ದುಪಡಿಗಳೇ. ಅಂಗವೈಕಲ್ಯವಿರುವವರಿಗೆ ಎಟುಕುವ ರೂಪಕ್ಕೆ ಕೃತಿಯನ್ನು ಮಾರ್ಪಡಿಸಲು 2012ರ ತಿದ್ದುಪಡಿ 52ನೇ ಸೆಕ್ಷನ್ನಿನಲ್ಲಿ ಜಾಗ ಮಾಡಿಕೊಟ್ಟಿರುವಾಗ, ಫೈಲಿಗೊಂದು ಪಾಸ್‌ವರ್ಡು ಹಾಕಿ ಆ ಅವಕಾಶವನ್ನು ಕಸಿಯುವುದು ನ್ಯಾಯವಲ್ಲ. ಕರ್ನಾಟಕದಲ್ಲಿ ತಿದ್ದಲು ಬಿಡುವ ಬೇರೊಂದು ಮಾದರಿಯೂ ಇದೆ. ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) ಮತ್ತು ಐಟಿ ಫಾರ್ ಚೇಂಜ್ ಸಂಸ್ಥೆ ಶಿಕ್ಷಕರೊಂದಿಗೆ ಸೇರಿ ಕಟ್ಟಿದ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ’ ಯೋಜನೆಯ ತಳಹದಿಯೇ ಒಬ್ಬರು ಮಾಡಿದ ಪಾಠವನ್ನು ಇನ್ನೊಬ್ಬರು ತಿದ್ದಿ, ಬೆಳೆಸಿ ಬಳಸಲಿ ಎಂಬುದು. ಸಾರ್ವಜನಿಕ ಹಣದಲ್ಲಿ, ಸಾರ್ವಜನಿಕರಿಗಾಗಿ ಮಾಡಿದ ತರಬೇತಿಯ ಸ್ಲೈಡುಗಳಿಗೆ ತಿದ್ದುವ ತಡೆ ಹಾಕಲು ಸಮರ್ಥನೆ ಸಿಗುವುದು ಕಷ್ಟ. ಅಂಕಿಗಳು ಬದಲಾಗದಿರಲಿ ಎಂಬ ಭಯವಿದ್ದರೆ ಸಹಿ ಮಾಡಿದ ಪಿಡಿಎಫ್ ಒಂದು, ತಿದ್ದಬಹುದಾದ ಪಿಪಿಟಿ ಒಂದು, ಎರಡನ್ನೂ ಕೊಡಬಹುದು.

ಕೊನೆಯದಾಗಿ ಆ ‘ಅನ್‌ಲಾಕ್’ ತಾಣಗಳ ವಿಚಾರ. ಸುಲಭವಲ್ಲವೇ, ಫೈಲು ಏರಿಸಿದರೆ ಅರೆ ನಿಮಿಷದಲ್ಲಿ ತಡೆಯಿಲ್ಲದ ಪ್ರತಿ ಸಿಗುತ್ತದಲ್ಲ ಎನ್ನಬಹುದು. ಏರಿಸಿದ ಕ್ಷಣವೇ ಒಳಗಿರುವುದೆಲ್ಲ ಗುರುತಿಲ್ಲದವರ ಕಂಪ್ಯೂಟರಿನಲ್ಲಿ ಇರುತ್ತದೆ. ಸ್ಲೈಡಿನ ಕೆಳಗಿನ ಟಿಪ್ಪಣಿ, ಅಡಗಿಸಿಟ್ಟ ಸ್ಲೈಡು, ಚಾರ್ಟಿನ ಹಿಂದೆ ಕೂತಿರುವ ಎಕ್ಸೆಲ್ ಪಟ್ಟಿ, ಫೈಲು ಮಾಡಿದವರ ಹೆಸರು, ಎಲ್ಲವೂ ಅದರ ಜೊತೆ ಹೋಗುತ್ತವೆ. ಮರಳಿ ಬರುವ ಫೈಲಿನಲ್ಲಿ ಏನು ಸೇರಿದೆ ಎಂಬುದಕ್ಕೂ ಖಾತ್ರಿಯಿಲ್ಲ. ತೆಗೆಯಬಹುದಾದ ತಡೆಗಳನ್ನು ನಮ್ಮ ಕಂಪ್ಯೂಟರಿನಲ್ಲೇ ತೆಗೆಯಬಹುದು; ನಮ್ಮಿಂದ ತೆಗೆಯಲಾಗದ್ದನ್ನು ಸಾಮಾನ್ಯವಾಗಿ ಆ ತಾಣಗಳೂ ತೆಗೆಯಲಾರವು. ಆದ್ದರಿಂದ ಅಲ್ಲಿಗೆ ಹೋಗಲು ಕಾರಣವೇ ಇಲ್ಲ.

ಫೈಲು ಪಡೆದವರು ಮೊದಲು ಅದನ್ನು ತಮ್ಮ ಫೋಲ್ಡರಿಗೆ ಇಳಿಸಿಕೊಳ್ಳಲಿ, ಮೇಲಿನ ಪಟ್ಟಿ ಏನು ಹೇಳುತ್ತಿದೆ ಎಂದು ಓದಲಿ, ತಡೆ ಹಾಕಿದ್ದು ಕಂಪ್ಯೂಟರೋ ಮನುಷ್ಯರೋ ಎಂದು ಕೇಳಿಕೊಳ್ಳಲಿ. ಕಂಪ್ಯೂಟರಾದರೆ ಕಾರಣ ನೋಡಿ ತೆಗೆಯಲಿ. ಮನುಷ್ಯರಾದರೆ ಒಂದು ಫೋನು ಮಾಡಿ ಕೇಳಲಿ. ಒಪ್ಪಿದರೆ ಮೂಲವನ್ನು ಮುಟ್ಟದೆ ಪ್ರತಿಯಲ್ಲಿ ತಿದ್ದಿ, ಯಾರದ್ದನ್ನು ಬಳಸಿದೆವು ಎಂದು ಹೆಸರು ಹಾಕಲಿ. ಕಳಿಸುವವರ ಹೊಣೆ ಇದಕ್ಕಿಂತ ದೊಡ್ಡದು. ಗುಟ್ಟಾಗಿರಬೇಕಾದದ್ದಕ್ಕೆ ತೆರೆಯುವ ಪಾಸ್‌ವರ್ಡು ಹಾಕಿ. ಬದಲಾಗಬಾರದ್ದಕ್ಕೆ ಡಿಜಿಟಲ್ ಸಹಿ ಮಾಡಿ. ಬರೀ ಓದಬೇಕಾದದ್ದನ್ನು ಪಿಡಿಎಫ್ ಮಾಡಿ ಕೊಡಿ. ಹಂಚಿ ಬಳಸಬೇಕಾದದ್ದನ್ನು ಯಾವ ತಡೆಯೂ ಇಲ್ಲದೆ, ಯೂನಿಕೋಡ್ ಕನ್ನಡದಲ್ಲಿ ಕೊಡಿ. ಏನು ಮಾಡಬಹುದು, ಏನು ಕೂಡದು ಎಂಬುದನ್ನು ಮೊದಲ ಸ್ಲೈಡಿನಲ್ಲಿ ಒಂದು ಸಾಲು ಬರೆಯಿರಿ. ತಿದ್ದುವ ಪಾಸ್‌ವರ್ಡು ಮಾಡಲಾಗದ ಕೆಲಸವನ್ನು ಆ ಒಂದು ಸಾಲು ಮಾಡುತ್ತದೆ.